ಒರತೆಯ ಬಳಿ ಹೊಗೆ

ಅಕ್ಕನ ಫೋನ್ ಬಂದಾಗ ನಾನು ಕಾಡು ಸುತ್ತಿಸಲು ಕರೆದೊಯ್ಯಬೇಕಿದ್ದ ಮಾರಿಟ್ ಎಂಬ ನಾರ್ವೆಯ ಹೆಂಗಸಿನ ಚೀಲಕ್ಕೆ ನೀರಿನ ಬಾಟಲಿ ತುರುಕುತ್ತಿದ್ದೆ. "ಅಪ್ಪ ಇನ್ನು ಉಳಿಯಲ್ಲ ಕಣೋ. ನಾಳೆ ಮಧ್ಯಾಹ್ನದೊಳಗೆ ಬಂದ್ರೆ ಮುಖ ನೋಡ್ತೀಯ. ನಿನ್ನನ್ನೇ ಕೇಳ್ತಿದಾನೆ," ಅಂದಳು. ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ ಮಾತ್ರ, ಹತ್ತಿ ಬಂದ ಏದುಸಿರು ಕೇಳುತ್ತಿತ್ತು. ಸರಿ ಅಂದೆ. ಫೋನ್ ಜೇಬಿಗಿಟ್ಟು ಇನ್ನೊಂದು ಬಾಟಲಿ ತುರುಕಿದೆ.

ಲುವಾಂಗ್ ನಾಮ್‌ಥಾ ಪೇಟೆಯಿಂದ ನಮ್ಮೂರಿಗೆ ಕಾಡಿನಲ್ಲಿ ಒಬ್ಬನೇ ಓಡಿದರೆ ಸಂಜೆಗೆ ಮುಟ್ಟಬಹುದು. ಅತಿಥಿಯ ಜೊತೆ ಎರಡು ದಿನ. "ಬುನ್ತಾ, ನೀನು ಹೋಗು ಮಾರಾಯ, ಈಯಮ್ಮನ ಜೊತೆ ಬೇರೆಯವರನ್ನ ಕಳಿಸ್ತೀನಿ," ಅಂದ ನಮ್ಮ ಚಾರಣ ಕಂಪನಿಯ ಮಾಲೀಕ. ಬೇಡ, ದಾರಿ ಹೇಗೂ ನಮ್ಮೂರಿಗೇ ತಾನೆ, ನಾನೇ ಕರ್ಕೊಂಡು ಹೋಗ್ತೀನಿ ಅಂದೆ. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ನೋಡಿದರೆ ಏನು ಸಿಗಬೇಕು? ಅಲ್ಲಿ ಏನೂ ಇರಲಿಲ್ಲ.

ಅವ್ವ ಸತ್ತಾಗಲೂ ಹೀಗೇ ಆಗಿತ್ತು. ಊರಿಗೆ ಊರೇ ಅಳುತ್ತಿತ್ತು, ನಾನು ಒಣಗಿದ ಕಣ್ಣಿಟ್ಟುಕೊಂಡು ಕೂತಿದ್ದೆ. ಹೆಂಗಸರು ಒಬ್ಬರಿಗೊಬ್ಬರು ಮೊಣಕೈಯಲ್ಲಿ ತಿವಿದು ನನ್ನನ್ನು ತೋರಿಸುತ್ತಿದ್ದರು. ಅದೊಂದು ನನಗೆ ಮರೆತಿಲ್ಲ.

ನಮ್ಮ ಖಮ್ಮು ಜನರ ಊರಲ್ಲಿ ಸಾವಾದ ಕೂಡಲೇ ಮೂರು ಸಲ ಕೋವಿ ಹಾರಿಸಿ ಊರಬಾಗಿಲಿಗೆ ತಲೇವ್ ಕಟ್ಟುತ್ತಾರೆ, ಬಿದಿರಿನ ಸೀಳಿನಲ್ಲಿ ಹೆಣೆದ ನಕ್ಷತ್ರ. ಕಟ್ಟಿದ ಮೇಲೆ ಮೂರು ದಿನ ಒಳಗಿದ್ದವರು ಹೊರಗೆ ಹೋಗುವ ಹಾಗಿಲ್ಲ, ಹೊರಗಿದ್ದವರು ಒಳಗೆ ಬರುವ ಹಾಗಿಲ್ಲ. ಹೆಣೆಯುವುದು, ಕಟ್ಟಿಸುವುದು ಎಲ್ಲ ನಮ್ಮಪ್ಪನದೇ ಯಜಮಾನಿಕೆ. ಅಜ್ಜಿ ಸತ್ತ ದಿನ ಚಿಕ್ಕಪ್ಪ ಬೇಟೆಯಿಂದ ಓಡಿ ಬಂದ, ಗಂಟು ಬಿಗಿದು ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟೂ ಹೊತ್ತಾಗಿರಲಿಲ್ಲ. "ಮಗ ಯಾರು, ದಾರಿಹೋಕ ಯಾರು ಅಂತ ಸಾವಿಗೆ ಗೊತ್ತಿರುತ್ತೇನೋ?" ಅಂದುಬಿಟ್ಟ ಅಪ್ಪ. ಬಾಗಿಲಾಚೆಯ ಅತ್ತಿಮರದ ಕೆಳಗೆ ಚಿಕ್ಕಪ್ಪ ಮೂರು ದಿನ ಕೂತಿದ್ದ.

ಮೊದಲ ದಿನದ ಏರು ಯಾರ ಪ್ರಾಣವನ್ನೂ ಹಿಂಡುತ್ತದೆ. ಬಿದಿರು ಮೆಳೆ ಕಡಿದು ದಾರಿ ಮಾಡಿ, ಹೊಳೆಯನ್ನು ಆರು ಸಲ ದಾಟಬೇಕು. ಐದನೆಯ ದಾಟಿನಲ್ಲಿ ಮಾರಿಟ್ ಜಾರಿ ಮಂಡಿ ಉಳುಕಿಸಿಕೊಂಡಳು. ಅರವತ್ತು ದಾಟಿದ ಗಟ್ಟಿ ಜೀವ. ತಾನೇ ಪಟ್ಟಿ ಸುತ್ತಿಕೊಂಡು, "ನಡಿ ನಡಿ, ನನ್ನ ಕಾಲು ನನಗಿಂತ ಹಟಮಾರಿ," ಅಂತ ನಕ್ಕಳು. ಆ ರಾತ್ರಿ ನಡುದಾರಿಯ ಊರಲ್ಲಿ ಉಳಿದೆವು. ನಾನು ಚೆನ್ನಾಗಿ ನಿದ್ದೆ ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ.

ಮರುದಿನ ಅವಳ ಮಂಡಿ ಸರಿಹೋಗಿತ್ತು. ಆದರೂ ನಾನು ನಿಲ್ಲಿಸಿ ನಿಲ್ಲಿಸಿ ಕೂರಿಸಿದೆ. ಕೆಂಜಿಗದ ಗೂಡು ತೋರಿಸಿದೆ. ಕೇಳದಿದ್ದರೂ ಯಾವ ತೊಗಟೆ ಯಾವ ಜ್ವರಕ್ಕೆ ಅಂತ ಪುರಾಣ ಬಿಚ್ಚಿದೆ. "ಬುನ್ತಾ, ನಿನ್ನೆ ಆಮೆ ನಾನಾಗಿದ್ದೆ, ಇವತ್ತು ನೀನು," ಅಂದಳು. ನಿಮ್ಮ ಮಂಡಿಗೋಸ್ಕರ ಅಂದೆ. "ನನ್ನ ಮಂಡಿಗೆ ಏನಾಗಿದೆ? ಗುಂಡುಕಲ್ಲಿನ ಹಾಗಿದೆ!"

ಹೊತ್ತು ನೆತ್ತಿಗೇರುವ ಮುಂಚೆ ಒರತೆಯ ಹತ್ತಿರ ಬಂದೆವು. ಅಲ್ಲಿಂದ ಕೆಳಗೆ ಕಣಿವೆಯಲ್ಲಿ ನಮ್ಮೂರ ಬಾಗಿಲು ಕಾಣುತ್ತದೆ. ಕಾಲು ಗಂಟೆಯ ಇಳಿಜಾರು, ಅಷ್ಟೆ. ಬಾಗಿಲು ಹಾರುಹೊಡೆದಿತ್ತು, ತಲೇವ್ ಇರಲಿಲ್ಲ. ಕಂಬಕ್ಕೆ ಒರಗಿ ಅಕ್ಕ ಕೂತಿದ್ದಳು, ಅವಳ ಕೆಂಪು ತಲೆವಸ್ತ್ರದಿಂದ ಗುರುತು ಸಿಕ್ಕಿತು. ಅಪ್ಪ ಇನ್ನೂ ಇದ್ದಾನೆ ಅಂದುಕೊಂಡೆ. ಹಾಗೆ ಅಂದುಕೊಂಡು ಒಲೆಗೆ ಮೂರು ಕಲ್ಲು ಜೋಡಿಸಿದೆ.

"ಊರು ಅಲ್ಲೇ ಇದೆಯಲ್ಲ, ಅಲ್ಲೇ ಹೋಗಿ ತಿನ್ನೋಣ," ಅಂದಳು ಮಾರಿಟ್.

"ಇಲ್ಲಿ ನೀರು ಚೆನ್ನಾಗಿದೆ," ಅಂದೆ.

ಹಸಿ ಸೌದೆ, ಹೊಗೆ ಜಾಸ್ತಿ ಎದ್ದಿತು. ನೂಡಲ್ಸ್ ಬೇಯಿಸಿದೆ. ಅವಳು ಎಳೆ ಜರೀಗಿಡದ ಕುಡಿ ಕಿತ್ತು ತಂದು ಹಾಕಲಾ ಅಂತ ಕೇಳಿದಳು. ನಮ್ಮ ಕುಲವೇ ಜರೀಗಿಡದ್ದು, ನಾವು ತಿನ್ನಲ್ಲ ಅಂದೆ. ಅದನ್ನು ನನಗೆ ಕಲಿಸಿದ್ದು ಅಪ್ಪ, ಬೆತ್ತದಲ್ಲಿ. ಅವಳು ಉಣ್ಣುವಾಗ ಊರ ಕಡೆಯಿಂದ ಮೂರು ಸಲ ಕೋವಿಯ ಸದ್ದು ಕೇಳಿತು.

"ಬೇಟೆಯಾ?"

"ಹೂಂ," ಅಂದೆ. ಪಾತ್ರೆಯನ್ನು ಮರಳು ಹಾಕಿ ಉಜ್ಜಿದೆ. ತಳ ಫಳಫಳ ಅನ್ನುವವರೆಗೂ ಉಜ್ಜಿದೆ.

ನಾವು ಇಳಿದು ಹೋದಾಗ ಬಾಗಿಲಿಗೆ ತಲೇವ್ ತೂಗುತ್ತಿತ್ತು. ಅಕ್ಕ ಒಳಗಡೆ ನಿಂತಿದ್ದಳು, ಕಣ್ಣು ಊದಿತ್ತು.

"ಬಂದ್ಯಾ?"

"ಇವರ ಮಂಡಿ ಉಳುಕಿಬಿಡ್ತು ಅಕ್ಕಾ. ಅದಕ್ಕೇ ತಡ ಆಯ್ತು."

ಮಾರಿಟ್ ಚೀಲ ಹೊತ್ತು ನೆಟ್ಟಗೆ ನಿಂತಿದ್ದಳು. ಅಕ್ಕ ಅವಳ ಕಾಲು ನೋಡಿದಳು, ಆಮೇಲೆ ನನ್ನನ್ನು.

"ಪಾಪದ ಹೆಂಗಸಿನ ಮೇಲೆ ಯಾಕೋ ಹಾಕ್ತೀಯ? ಒರತೆ ಹತ್ರ ಹೊಗೆ ಕಂಡೆ ಕಣೋ. ಎದ್ದೆನೋ ಬಿದ್ದೆನೋ ಅಂತ ಓಡಿ ಅಪ್ಪನಿಗೆ ಹೇಳ್ದೆ, ಬಂದ ಬಂದ ಅಂತ. ಕಣ್ಣು ಬಿಟ್ಟ. ಏನು ಮಾಡ್ತಿದಾನೆ ಅಂತ ಕೇಳ್ದ."

"ನೀನೇನಂದೆ?"

"ಇನ್ನೇನನ್ಲಿ? ಅಡುಗೆ ಮಾಡ್ಕೋತಿದಾನೆ ಅಂದೆ. 'ಉಣ್ಣಲಿ ಬಿಡು, ದೂರದಿಂದ ಬಂದಿದಾನೆ, ಹಸಿದಿರ್ತಾನೆ' ಅಂದ." ಅವಳು ತಲೆವಸ್ತ್ರದ ತುದಿಯಿಂದ ಮೂಗೊರೆಸಿಕೊಂಡಳು. "ಬಾಗಿಲ ಕಡೆ ಮುಖ ತಿರುಗಿಸು ಅಂದ. ತಿರುಗಿಸ್ದೆ. ಕಾದ ಕಣೋ. ಇರೋ ಉಸಿರನ್ನೆಲ್ಲ ಹಿಡ್ಕೊಂಡು ಕಾದ."

ನಾನು ತಲೇವ್ ನೋಡುತ್ತಿದ್ದೆ. ಅಂಚು ಎರಡು ಸಲ ಮಡಿಸಿ ಬಿಗಿದದ್ದು, ಹಾಗೆ ಬಿಗಿಯುವವನು ಊರಲ್ಲಿ ಒಬ್ಬನೇ. ಅಪ್ಪ ತನ್ನ ಸಾವಿನದನ್ನು ತಾನೇ ಹೆಣೆದಿಟ್ಟಿದ್ದ.

"ಮಂಡಿ ಸರಿಯಾಗಿತ್ತು ಅಕ್ಕಾ," ಅಂದೆ.

"ಗೊತ್ತು," ಅಂದಳು. "ಅವ್ವ ಹೋದಾಗಲೂ ನಿನ್ನ ನೋಡಿದೀನಿ. ಅಳು ಬರದಿದ್ರೆ ಬೇಡ, ಸುಮ್ನೆ ಬಂದು ಕೂತಿದ್ರೆ ಆಗ್ತಿತ್ತಲ್ಲೋ. ಅಪ್ಪ ಅಳು ಕೇಳಿದ್ನಾ?"

ಒಳಗಿಂದ ಯಾರೋ ಕರೆದರು. ಅವಳು ತಿರುಗಿ ನೋಡದೆ ಹೋದಳು.

ಮಾರಿಟ್ ಏನಾಯಿತು ಅಂತ ಕೇಳಿದಳು. ಊರು ಮುಚ್ಚಿದೆ, ಮುಂದಿನ ಊರು ಎರಡು ಗಂಟೆ ದಾರಿ, ಒಂಚೂರು ಕೂತು ಹೋಗೋಣ ಅಂದೆ. ಅತ್ತಿಮರದ ಕೆಳಗೆ ಕೂತೆ. ಸ್ವಲ್ಪ ಹೊತ್ತಿಗೆ ಅವಳು ಚೀಲ ಏರಿಸಿ ನಿಂತಳು. ನಾನೂ ಏಳಬೇಕು ಅಂದುಕೊಂಡೆ. ಕಾಲು ಮಾತು ಕೇಳಲಿಲ್ಲ. ನೆಲಕ್ಕೆ ಕೈಯೂರಿ ಎರಡು ಸಲ ನೋಡಿದೆ, ಆಗಲಿಲ್ಲ.

ಅವಳು ಮೊಣಕಾಲೂರಿ ಎದುರಿಗೆ ಕೂತು ನನ್ನ ಮಂಡಿಯ ಮೇಲೆ ಕೈಯಿಟ್ಟಳು. "ನೋವಾ?" ಅಂದಳು.

ಹೌದು ಅಂದೆ.