ಕೆಲಸವಿಲ್ಲದ ಅರಿವೆ

ಯರಗುಪ್ಪಿಯ ಸುಶೀಲವ್ವನ ಮನೆಯಲ್ಲಿ ಅರಿವೆ ಅಂದಮೇಲೆ ಅದಕ್ಕೊಂದು ಕೆಲಸ ಇರಲೇಬೇಕು. ಸೀರೆ ಹಳೆಯದಾದರೆ ಕೌದಿ, ಕೌದಿ ಹರಿದರೆ ಕಾಲೊರಸು, ಅದೂ ಹರಿದರೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿ ಅರಿವೆ. ಮಗ ಕಾಶಿನಾಥನ ಹೆಗಲ ಮೇಲಿನ ಟವೆಲ್ಲಿಗಂತೂ ಪುರುಸೊತ್ತೇ ಇರಲಿಲ್ಲ. ಬೆಳಗಿನಿಂದ ಸಂಜೆಯೊಳಗೆ ಅದು ಮುಖ ಒರೆಸಿ, ಕಟ್ಟೆಯ ಧೂಳು ಝಾಡಿಸಿ, ಹೊಲದಿಂದ ಸೌತೆಕಾಯಿ ಹೊತ್ತು ತರುತ್ತಿತ್ತು. ಇಂಥ ಮನೆಗೆ ಸೊಸೆ ಮಹಾನಂದಾ ಒಂದು ಸಂಜೆ ಕೊರಳಿಗೆ ರೇಷ್ಮೆಯ ಸ್ಕಾರ್ಫು ಸುತ್ತಿಕೊಂಡು ಬಂದಳು.

ಮಹಾನಂದಾ ಕುಂದಗೋಳದ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಅಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರ ಫಾತಿಮಾಬಿಯ ಅಂಗಡಿಯಲ್ಲಿ ಆ ಸ್ಕಾರ್ಫು ಆರಿಸಲು ಅವಳಿಗೆ ಮೂರು ದಿನ ಬೇಕಾಯಿತು. ಗುಲಾಬಿ ಬಣ್ಣದ್ದು ಹಾಕಿಕೊಂಡರೆ ಕನ್ನಡಿಯಲ್ಲಿ ಬೀಗಿತ್ತಿ ಕಂಡಳು, ಬೂದಿ ಬಣ್ಣದ್ದು ಹಾಕಿಕೊಂಡರೆ ಹೆಡ್‌ಮೇಡಮ್ಮು ಕಂಡಳು. ಮೂರನೆಯ ದಿನ ನವಿಲುನೀಲಿಯ ಮೇಲೆ ಅರಿಶಿನದ ತೆಳು ಅಂಚು ಇರುವುದೊಂದು ಸಿಕ್ಕಿತು. ಅದರಲ್ಲಿ ಅವಳಿಗೆ ಅವಳೇ ಕಂಡಳು.

"ಯಾವ ಕಾರ್ಯಕ್ಕ ಹಾಕ್ಕೊಳ್ಳಾಕ್ರಿ ಟೀಚರ?" ಎಂದು ಫಾತಿಮಾಬಿ ಕೇಳಿದಳು.

"ಕಾರ್ಯ ಏನಿಲ್ಲರಿ. ದಿನಾ ಹಾಕ್ಕೊಳ್ಳಾಕ."

"ದಿನಾನ?" ಎಂದ ಫಾತಿಮಾಬಿ, "ಹಂಗಾರ ನೀಲಿದ ಚಲೋ. ಸುಕ್ಕ ಬಿದ್ದರೂ ಕಾಣಂಗಿಲ್ಲ" ಎಂದು ಮಡಚಿ ಕೊಟ್ಟಳು.

ಮನೆಯಲ್ಲಿ ಸುಶೀಲವ್ವ ಅದನ್ನು ಜಗ್ಗಿ ನೋಡಿದಳು, ಮೂಸಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು.

"ಇದರ್ಲೆ ಏನ ಒರಸ್ತೀ?"

"ಏನೂ ಒರಸೂದಿಲ್ಲರಿ ಅತ್ತಿ."

"ಥಂಡಿ ತಡೀತೈತಿ?"

"ಅಷ್ಟೇನ ತಡಿಯೂದಿಲ್ಲರಿ."

"ಮತ್ತ ಇಷ್ಟುದ್ದ ಸೆರಗ ಇದ್ದಾಗ ಇದ್ಯಾಕಬೇ?"

"ಚಂದ ಕಾಣತೈತ್ರಿ. ಕೊರಳಿಗೆ ಮೆತ್ತಗ ಅನಸ್ತೈತಿ. ಅಷ್ಟ."

ಸುಶೀಲವ್ವನಿಗೆ ಚುಚ್ಚಿದ್ದು ಆ 'ಅಷ್ಟ'ವೇ. ಎಪ್ಪತ್ತೊಂದು ವರ್ಷದ ಆಯುಷ್ಯದಲ್ಲಿ ಅವಳು ಯಾವ ವಸ್ತುವನ್ನೂ 'ಅಷ್ಟ' ಎಂದು ಕೊಂಡವಳಲ್ಲ. ಅಲ್ಲಿಯೇ ಪಂಥ ಬಿತ್ತು. ಈ ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯ ತನಕ ಮಹಾನಂದಾ ಅದನ್ನು ದಿನಾ ಹಾಕಿಕೊಳ್ಳಬೇಕು, ಅದು ಒಂದೇ ಒಂದು ಕೆಲಸ ಮಾಡಿದರೂ ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟುವ ಅರಿವೆಯಾಗಬೇಕು. ಮಾಡದೇ ಉಳಿದರೆ ಸುಶೀಲವ್ವನೇ ಅಂಥದ್ದೊಂದು ಕೊಂಡು ಊರ ಎದುರು ಹಾಕಿಕೊಳ್ಳಬೇಕು.

ಮಹಾನಂದಾ ನಗುತ್ತಲೇ ಒಪ್ಪಿದಳು, ಆದರೆ ಒಳಗೊಳಗೆ ಹೆದರಿದಳು. ಸಂಬಳ ಬರುವ ಕೈಯಾದರೂ ಅವಳು ಇಷ್ಟು ವರ್ಷ ಕೊಂಡದ್ದೆಲ್ಲ ಯಾರಿಗೋ, ಯಾವುದಕ್ಕೋ. ತನಗಾಗಿ, ಸುಮ್ಮನೆ, ಮನಸ್ಸಿಗೆ ಬಂತೆಂದು ಕೊಂಡದ್ದು ಇದೊಂದೇ. ಅದು ಉಪ್ಪಿನಕಾಯಿ ವಾಸನೆ ಹೊಡೆಯುವುದು ಅವಳಿಗೆ ಸುತರಾಂ ಬೇಡವಾಗಿತ್ತು.

ಸುಶೀಲವ್ವ ಮಾರನೆಯ ದಿನದಿಂದಲೇ ಕೆಲಸಕ್ಕಿಳಿದಳು. ಮನೆಯ ಮಸಿ ಅರಿವೆಗಳನ್ನೆಲ್ಲ ಬಚ್ಚಿಟ್ಟು, "ಮಹಾನಂದಾ, ಹಾಲ ಉಕ್ಕಾಕತ್ತೈತಿ, ಲಗೂನ ಇಳಸ" ಎಂದು ಕೂಗಿದಳು. ಮಹಾನಂದಾ ಸೆರಗಿನಿಂದ ಇಳಿಸಿ ಬೆರಳು ಸುಟ್ಟುಕೊಂಡಳು. ಬಾಜು ಮನೆಯ ಕೂಸಿಗೆ ನೆಗಡಿಯಾದಾಗ ಅದನ್ನು ಎತ್ತಿ ತಂದು ಸೀದಾ ಸೊಸೆಯ ಕೊರಳಿಗೇ ಜೋತುಬೀಳಿಸಿದಳು. ಮಹಾನಂದಾ ಅದರ ಮೂಗನ್ನೂ ಸೆರಗಿನಿಂದಲೇ ಒರೆಸಿದಳು. ಒಂದು ದಿನ ಸಂತೆಯಿಂದ ಬರುವಾಗ ಚೀಲದ ಹಿಡಿಕೆ ತಾನಾಗಿಯೇ ಹರಿದು ಬದನೆಕಾಯಿ ರಸ್ತೆಯ ಪಾಲಾದವು. ಹಿಡಿಕೆಯ ಹೊಲಿಗೆಯನ್ನು ಬ್ಲೇಡಿನಿಂದ ಕೊಯ್ದಿದ್ದು ಕಣ್ಣಿದ್ದ ಯಾರಿಗಾದರೂ ಕಾಣುತ್ತಿತ್ತು. ಮಹಾನಂದಾ ಎರಡೂವರೆ ಕಿಲೋ ಬದನೆಕಾಯಿಯನ್ನು ಉಡಿಯಲ್ಲಿ ತುಂಬಿಕೊಂಡು ಮನೆಗೆ ಬಂದಳು, ಸ್ಕಾರ್ಫು ಮಾತ್ರ ಕೊರಳಲ್ಲಿ ಆರಾಮಾಗಿತ್ತು. ಅಷ್ಟರಲ್ಲಿ ಪಂಥದ ಸುದ್ದಿ ಊರಿಗೆಲ್ಲ ಹಬ್ಬಿ, ಬಸ್ಸಿನಲ್ಲಿ ದಿನಾ ಹೋಗುವವರು "ಇನ್ನ ಎಷ್ಟ ದಿನಾ ಉಳದಾವ್ರಿ ಟೀಚರ?" ಎಂದು ಕೇಳತೊಡಗಿದ್ದರು.

ಕೊನೆಯ ದಿನ, ಅಮಾವಾಸ್ಯೆಯ ಬೆಳಗ್ಗೆ, ಸುಶೀಲವ್ವ ತಲೆ ಬಾಚಿಕೊಂಡು ತಯಾರಾಗಿ ನಿಂತಳು.

"ನಾನೂ ಬರ್ತೇನಿ ಕುಂದಗೋಳಕ್ಕ. ಕಣ್ಣ ತೋರಸಬೇಕು. ತಾ ಇಲ್ಲೆ, ನಿನ್ನ ಚೀಲಾ ನಾ ಹಿಡೀತೇನಿ."

ಅತ್ತೆಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದಾಗಲೇ ಮಹಾನಂದಾ ಎಚ್ಚರಾಗಬೇಕಿತ್ತು. ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದಾಗಿನಿಂದ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ಲು, ಚೀಲ, ಕರವಸ್ತ್ರ ಹಾರಿ ಬೀಳಬೇಕು. ಯಾರ ವಸ್ತು ಸೀಟಿನ ಮೇಲೆ ಬಿತ್ತೋ ಸೀಟು ಅವರದು. ಇದನ್ನು ಪ್ರಶ್ನೆ ಮಾಡುವ ಧೈರ್ಯ ಆ ದಾರಿಯಲ್ಲಿ ಯಾರಿಗೂ ಇಲ್ಲ. ಮಹಾನಂದಾ ದಿನಾ ಎಸೆಯುತ್ತಿದ್ದುದು ಊಟದ ಚೀಲ, ಅದೀಗ ಅತ್ತೆಯ ಎದೆಗೆ ಅಪ್ಪಿಕೊಂಡಿತ್ತು.

ಬಸ್ಸು ತಿರುವಿನಲ್ಲಿ ಕಂಡಿತು. ಸುಶೀಲವ್ವ ತಟ್ಟನೆ ಕಲ್ಲಿನ ಮೇಲೆ ಕುಳಿತಳು.

"ಅಯ್ಯ ನಮ್ಮಪ್ಪಾ, ಮೊಣಕಾಲು! ಮಹಾನಂದಾ, ನಿಂತು ಬರಾಕ ಆಗೂದಿಲ್ಲಬೇ ನನಗ. ಸೀಟ ಹಿಡಿ!"

"ಚೀಲಾ ಕೊಡ್ರಿ ಅತ್ತಿ."

"ಏಳಾಕ ಬರವಲ್ದು, ಚೀಲಾ ಹ್ಯಾಂಗ ಕೊಡ್ಲಿ?"

ಇದು ನಾಟಕ ಎಂದು ಮಹಾನಂದಾಗೆ ಮುಕ್ಕಾಲುಪಾಲು ಗೊತ್ತಿತ್ತು. ನಿನ್ನೆಯಷ್ಟೇ ಈ ಮೊಣಕಾಲುಗಳು ಅಟ್ಟ ಹತ್ತಿ ಮೆಣಸಿನಕಾಯಿ ಬುಟ್ಟಿ ಇಳಿಸಿದ್ದವು. ಆದರೆ ಉಳಿದ ಕಾಲುಪಾಲು ಅವಳನ್ನು ಬಿಡಲಿಲ್ಲ. ನಿಜವೇ ಆಗಿದ್ದರೆ? ಒಂದು ತುಂಡು ರೇಷ್ಮೆಗಾಗಿ ಮುದುಕಿಯನ್ನು ಅರ್ಧ ತಾಸು ನಿಲ್ಲಿಸುವುದೇ? ಬಸ್ಸು ಬಂದೇ ಬಂತು. ಅವಳು ಹಲ್ಲು ಕಚ್ಚಿ ಸ್ಕಾರ್ಫು ಬಿಚ್ಚಿ, ಮುದ್ದೆ ಮಾಡಿ, ಮೂರನೆಯ ಕಿಟಕಿಯೊಳಗೆ ಎಸೆದಳು. ಕಣ್ಣಲ್ಲಿ ನೀರು ಬಂತು.

ನೂಕಾಡಿ ಒಳಗೆ ಹೋದರೆ ಆ ಸೀಟಿನಲ್ಲಿ ಶಂಕ್ರಪ್ಪ ಮಾಸ್ತರರು ಕುಳಿತಿದ್ದರು. ರಿಟೈರಾದರೂ ದಿನಾ ಕುಂದಗೋಳಕ್ಕೆ ಪೇಪರು ಓದಲು ಹೋಗುವವರು.

"ಸರ, ಅದು ನಮ್ಮ ಸೀಟ್ರಿ. ಅರಿವಿ ಒಗದೇನಿ."

"ಎಲ್ಲೈತಿ ಅರಿವಿ? ಸೀಟ ಖಾಲಿ ಇತ್ತಲ್ಲವಾ."

ಅರಿವೆ ಸೀಟಿನ ಕೆಳಗಿತ್ತು. ರೇಷ್ಮೆಯಲ್ಲವೇ, ರೆಕ್ಸಿನ್ನಿನ ಸೀಟಿನ ಮೇಲೆ ನಿಲ್ಲುವುದುಂಟೇ? ಬಸ್ಸು ಬ್ರೇಕು ಹಾಕಿದ್ದೇ ತಡ ಜಾರಿ ಬಿದ್ದಿತ್ತು.

ಅಷ್ಟರಲ್ಲಿ ನಾಲ್ಕು ಮಂದಿಯನ್ನು ಮೊಣಕೈಯಿಂದ ಸರಿಸಿಕೊಂಡು ಸುಶೀಲವ್ವ ಅಲ್ಲಿಗೆ ಬಂದಳು. "ನೋಡ್ರಿಪಾ ಎಲ್ಲಾರೂ! ಅರಿವಿ ಸೀಟ ಹಿಡೀತು! ಕೆಲಸಾ ಮಾಡ್ತು! ಇನ್ನ ಅದು ನನ್ನ ಭರಣಿಗೆ!"

"ಎಲ್ಲಿ ಹಿಡೀತ್ರಿ? ಸೀಟಿನ್ಯಾಗ ನಾ ಕುಂತೇನಿ" ಎಂದರು ಮಾಸ್ತರರು.

ಇಡೀ ಬಸ್ಸು ಎರಡು ಪಕ್ಷವಾಯಿತು. ಕೊನೆಗೆ ಎಲ್ಲರೂ ಕಂಡಕ್ಟರ್ ಶಾಕೀರನ ಮುಖ ನೋಡಿದರು. ಅವನು ಟಿಕೆಟ್ ಮಷಿನ್ನು ಬಗಲಿಗೆ ಸರಿಸಿ ಗಂಟಲು ಸರಿಮಾಡಿಕೊಂಡ.

"ಅರಿವಿ ಮ್ಯಾಲಿದ್ದರ ಸೀಟ ಹಿಡದಂಗ, ಕೆಳಗ ಬಿದ್ದರ ಇಲ್ಲ. ಈ ಅರಿವಿ ಏನೂ ಕೆಲಸಾ ಮಾಡಿಲ್ಲರಿ ಯವ್ವಾ. ಟೀಚರ ಗೆದ್ದಾರ."

ಬಸ್ಸಿನಲ್ಲಿ ಚಪ್ಪಾಳೆ ಬಿತ್ತು. ಶಂಕ್ರಪ್ಪ ಮಾಸ್ತರರು ಪಾಪ, ಮರ್ಯಾದೆಯ ಮನುಷ್ಯ. ಎದ್ದು ನಿಂತು, "ಮೊಣಕಾಲ ನೋವಂತ, ನೀವ ಕುಂದರ್ರಿ ಸುಶೀಲವ್ವಾರ" ಎಂದರು.

"ಯಾರಿಗೆ ನೋವು? ಧಾರವಾಡದ ತನಕಾ ನಿಂತ ಹೋಗ್ತೇನಿ!" ಎಂದು ಸಿಟ್ಟಿನ ಭರದಲ್ಲಿ ಸುಶೀಲವ್ವ ಒದರಿದಳು. ಹೇಳಿದ ಮೇಲೆ ಕೂರುವಂತಿಲ್ಲ. ಕುಂದಗೋಳ ಬರುವವರೆಗೆ ಕಂಬ ಹಿಡಿದು ನಿಂತೇ ಹೋದಳು. ಮಾಸ್ತರರು ಬಿಟ್ಟ ಆ ಸೀಟಿನಲ್ಲಿ ಮಹಾನಂದಾ ಕಿಟಕಿಯ ಗಾಳಿಗೆ ಸ್ಕಾರ್ಫಿನ ಧೂಳು ಝಾಡಿಸುತ್ತ ಕುಳಿತಿದ್ದಳು.

ಸಂಜೆ ಶಾಲೆ ಬಿಟ್ಟು ಬಂದರೆ ಫಾತಿಮಾಬಿಯ ಅಂಗಡಿಯಲ್ಲಿ ಇಪ್ಪತ್ತೇಳು ಸ್ಕಾರ್ಫು ಹರವಿಕೊಂಡು ಸುಶೀಲವ್ವ ಇನ್ನೂ ಆರಿಸುತ್ತಿದ್ದಳು. ಫಾತಿಮಾಬಿ ದಣಿದು ಗೋಡೆಗೆ ಒರಗಿ ಕುಳಿತಿದ್ದಳು. ಕೊನೆಗೆ ಕುಂಕುಮದ ಕೆಂಪು ಗೆದ್ದಿತು. ಮುದುಕಿ ಅದನ್ನು ಸುತ್ತಿಕೊಂಡು ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತಳೆಂದರೆ ಅವರಿಗೆ ಒಂದು ಬಸ್ಸು ತಪ್ಪಿತು.

ಮನೆಗೆ ಬಂದವಳೇ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಳು.

"ಅತ್ತಿ, ಹೊತ್ತಾತ್ರಿ. ನೀವು ಹಿಟ್ಟ ನಾದ್ರಿ, ನಾ ರೊಟ್ಟಿ ಬಡೀತೇನಿ" ಎಂದಳು ಮಹಾನಂದಾ.

"ನನ್ನ ಕೊರಳಾಗ ರೇಷ್ಮಿ ಐತಿ. ಇದಕ್ಕ ಕೆಲಸಾ ಹೇಳೂ ಹಂಗಿಲ್ಲ."

"ಅದು ಅರಿವಿಗೆ ಮಾಡಿದ ಕಾಯ್ದೆರಿ, ನಿಮಗಲ್ಲ."

"ಹೌದ? ಅಮಾಸಿಗೆ ಎತ್ತಿಗೂ ನೊಗಾ ಹೂಡೂದಿಲ್ಲ. ನೀ ಒಂದ ತುಂಡ ಅರಿವಿಗೆ ತಿಂಗಳ ಪೂರ್ತಿ ಬಿಡುವ ಕೊಟ್ಟಿ. ಈ ಮನಿಗೆ ಬಂದು ಐವತ್ತನಾಕ ವರ್ಷ ಆತು, ನನಗ ಯಾರ ಕೊಟ್ಟೀರಿ?"

ಮಹಾನಂದಾಗೆ ನಾಚಿಕೆಯೂ ಆಯಿತು, ನಗೆಯೂ ಬಂತು. ಒಳಗೆ ಹೋಗಿ ಕೈಕಾಲು ತೊಳೆದು, ನೀಲಿ ಸ್ಕಾರ್ಫನ್ನು ಕೊರಳಿಗೆ ಸರಿಯಾಗಿ ಸುತ್ತಿಕೊಂಡು ಹೊರಗೆ ಬಂದು ಅತ್ತೆಯ ಬಾಜುವಿಗೆ ಕುಳಿತಳು.

ಅಮಾವಾಸ್ಯೆಯೆಂದು ಹೊಲಕ್ಕೆ ಹೋಗದೆ ದಿನವೆಲ್ಲ ಹರಟೆ ಹೊಡೆದು ಹಸಿದು ಬಂದ ಕಾಶಿನಾಥ ಕೆಂಪು ಕೊರಳು ನೋಡಿದ, ನೀಲಿ ಕೊರಳು ನೋಡಿದ.

"ರೊಟ್ಟಿ?" ಎಂದು ಮೆಲ್ಲಗೆ ಕೇಳಿದ.

ಇಬ್ಬರೂ ಬೀದಿ ನೋಡುತ್ತ ಕುಳಿತರು.

ಆ ರಾತ್ರಿ ರೊಟ್ಟಿ ಬಡಿದವನು ಕಾಶಿನಾಥ. ಒಂದೂ ದುಂಡಗೆ ಬರಲಿಲ್ಲ, ಅತ್ತೆ ಸೊಸೆ ಮೂರು ಮೂರು ತಿಂದರು.