ಬೀಸುವ ಪದಕ್ಕೆ ಮೂರು ಅಕ್ಷರ

ಪಿಯಾನೊದ ಮುಚ್ಚಳದ ಮೇಲೆ ಜಗದೇವಪ್ಪನವರು ಮೊದಲು ಚೆಂಡುಹೂವಿನ ಬುಟ್ಟಿ ಇಟ್ಟರು, ಅದರ ಪಕ್ಕ ವಿಭೂತಿಯ ತಟ್ಟೆ, ಅದರ ಪಕ್ಕ ತಮ್ಮ ಕೋಟು. ಇನ್ನೂ ಜಾಗ ಉಳಿದಿತ್ತು. ಕೊರಳಿನ ಮಫ್ಲರನ್ನೂ ಬಿಚ್ಚಿ ಅಲ್ಲಿಟ್ಟರು.

"ದೊಡ್ಡಪ್ಪ, ಅದು ಟೇಬಲ್ ಅಲ್ಲ," ಎಂದಳು ಪ್ರಭಾ.

"ಗೊತ್ತೈತವಾ. ಅದು ಏನಂತ ಗೊತ್ತಿದ್ದs ಇಟ್ಟೀನಿ."

ಲಂಡನ್ನಿನ ಅಕ್ಸ್‌ಬ್ರಿಡ್ಜ್ ಕಡೆಯ ಆ ಸ್ಮಶಾನದ ಪ್ರಾರ್ಥನಾ ಕೋಣೆಯನ್ನು, ಪಿಯಾನೊ ಸಮೇತ, ಕೌನ್ಸಿಲ್‌ನವರು ಅರ್ಧ ಗಂಟೆಗೆ ಕೊಟ್ಟಿದ್ದರು. ಮುಂದಿನ ಹೆಣದ ಕಡೆಯವರು ಆಗಲೇ ಬಂದು ಹೊರಗೆ ಸಿಗರೇಟು ಸೇದುತ್ತಿದ್ದರು. ಒಳಗೆ ತೆರೆದ ಪೆಟ್ಟಿಗೆಯಲ್ಲಿ ಪ್ರಭಾಳ ತಾಯಿ ಗಿರಿಜಾದೇವಿ ಮಲಗಿದ್ದರು. ಧಾರವಾಡದಲ್ಲಾಗಿದ್ದರೆ ಅವರನ್ನು ಕೂಡಿಸಿ ಮಣ್ಣು ಮಾಡುತ್ತಿದ್ದರು. ಇಲ್ಲಿನ ಅಧಿಕಾರಿ, ನಮ್ಮ ಗುಂಡಿಗಳೆಲ್ಲ ಮಲಗುವವರ ಅಳತೆಯವು ಎಂದು ಬಹಳ ವಿನಯದಿಂದ ಹೇಳಿದ್ದ. ಇದೊಂದಕ್ಕೆ ಒಪ್ಪಿಯಾದ ಮೇಲೆ ಇನ್ಯಾವುದಕ್ಕೂ ಒಪ್ಪಬಾರದೆಂದು ಜಗದೇವಪ್ಪನವರು ತೀರ್ಮಾನಿಸಿದ್ದರು. ಸತ್ತವರ ಗಂಡನಿಗೆ ಅಣ್ಣ ಅವರು. ಊರವರ ಭಾನುವಾರದ ಭಜನೆಗೆ ಹಾಡುಗಾರರು. ಹೀಗಾಗಿ ಸಾವುಗಳೂ ಅವರ ಪಾಲಿಗೇ ಬರುತ್ತಿದ್ದವು.

"ಭಜನಿ ನಾ ಹಾಡ್ತೀನಿ. ನೀ ಅಪ್ಪನ ಬಾಜೂಕ ಕೂಡು ಹೋಗು."

"ಅವ್ವ ದವಾಖಾನ್ಯಾಗ ನನಗ ಹೇಳ್ಯಾಳ, ದೊಡ್ಡಪ್ಪ. 'ಭಾವನವರು ಹಾಡಿದ್ರ ಹಾಡಲಿ. ನನ್ನ ಪದಾ ಬಾರಿಸದ ನನ್ನ ಮಣ್ಣಿಗೆ ಇಡಬ್ಯಾಡ' ಅಂತ. ಐ ಪ್ರಾಮಿಸ್ಡ್ ಹರ್."

"ಯಾವ ಪದಾ? ಆ ಬೀಸೋ ಪದಾ? ಅದರಾಗ ದೇವರ ಹೆಸರರ ಐತೇನು? ಅದೂ ಎ ಬಿ ಸಿ ಡಿ ನೋಡಿ ಬಾರಿಸೂದು. ಸಾಲಿ ಹುಡುಗರ ಆಟ."

ಪ್ರಭಾ ಮೇಲಧಿಕಾರಿಯಾಗಿದ್ದ ಕ್ಯಾನರಿ ವಾರ್ಫ್‌ನ ಬ್ಯಾಂಕಿನಲ್ಲಿ ಗಂಡಸರು ಅವಳ ಫೋನ್ ಎತ್ತುವ ಮೊದಲು ಟೈ ಸರಿಮಾಡಿಕೊಳ್ಳುತ್ತಿದ್ದರು. ದೊಡ್ಡಪ್ಪನ ಮುಂದೆ ಮಾತ್ರ ಅವಳು ಫ್ರಾಕು ತೊಟ್ಟ ಹುಡುಗಿಯಾಗುತ್ತಿದ್ದಳು. ತಂದೆಯ ಕಡೆ ನೋಡಿದಳು. ನಾಗಲಿಂಗಪ್ಪ ಪೆಟ್ಟಿಗೆಯ ಹಿತ್ತಾಳೆಯ ಹಿಡಿಕೆಯನ್ನು ಪರೀಕ್ಷಿಸುತ್ತಿದ್ದರು. ಅಣ್ಣ ಮಾತಾಡುವಾಗ ಅವರಿಗೆ ಪರೀಕ್ಷಿಸಲು ಸದಾ ಏನಾದರೊಂದು ಸಿಗುತ್ತಿತ್ತು.

* * *

ತೊಂಬತ್ನಾಲ್ಕರಲ್ಲಿ, ಗಿರಿಜಾದೇವಿ ಅಡುಗೆ ಕೆಲಸಕ್ಕಿದ್ದ ಶಾಲೆಯವರು ಹಳೆಯ ಪಿಯಾನೊ ಒಂದನ್ನು ಎಸೆಯಲು ಹೊರಟರು. ಗಿರಿಜಾದೇವಿ ಅದನ್ನು ಮನೆಗೆ ತರಿಸಿಕೊಂಡರು.

"ಇದನ್ನ ಎಲ್ಲಿ ಇಡ್ತಿ?" ಎಂದರು ನಾಗಲಿಂಗಪ್ಪ.

"ನಿಮ್ಮ ಸೋಫಾ ಇದ್ದಲ್ಲಿ."

ಸೋಫಾ ಹೋಯಿತು.

ಭಾವನವರ ಭಜನೆಗೆ ಮದುವೆಯಾದಾಗಿನಿಂದ ಹಾರ್ಮೋನಿಯಂ ನುಡಿಸಿದವರು ಗಿರಿಜಾದೇವಿ. ಪಿಯಾನೊ ಮುಂದೆ ಕೂತರೆ ಬೆರಳಡಿ ಅವೇ ಬಿಳಿ ಮನೆ, ಅವೇ ಕಪ್ಪು ಮನೆ. ಪಕ್ಕದ ಮನೆಯ ಲಿಯೋ, ಉಡುಪಿ ಕಡೆಯ ಕ್ರಿಶ್ಚಿಯನ್ನನು, ಇಗರ್ಜಿಯ ಗಾಯನ ತಂಡದಲ್ಲಿ ಕೀಬೋರ್ಡ್ ನುಡಿಸುವವನು, ಒಂದು ಹಾಡಿನ ಹಾಳೆ ತಂದುಕೊಟ್ಟ. ಸಾಲುಗಳ ಮೇಲೆ ಅಲ್ಲಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ: ಸಿ, ಎಫ್, ಜಿ. "ಅಕ್ಷರ ನೋಡಿಕೊಂಡು ಬಾರಿಸಿ ಅಕ್ಕ, ಸುಲಭ ಉಂಟು," ಎಂದು ಹೇಳಿ ಹೋದ. ವಾರ ಬಿಟ್ಟು ಬಂದು ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡ.

"ಎಂತ ಅಕ್ಕಾ ಇದು, ಮಾರಾಯ್ರೇ! ಒಂದು ಪದ್ಯ ಮುಗಿಯುವಷ್ಟರಲ್ಲಿ ಎಷ್ಟು ಸಲ ಮನೆ ಖಾಲಿ ಮಾಡಿದ್ರಿ?"

ಭಜನೆಯಲ್ಲಿ ಹಾಡುವವರು 'ಬಿಳಿ ನಾಲ್ಕು' ಎಂದೋ 'ಕಪ್ಪು ಎರಡು' ಎಂದೋ ಕೂಗಿದರೆ ಅದು ಶ್ರುತಿ. ಷಡ್ಜವನ್ನು, ಅಂದರೆ ಮೊದಲ ಸ್ವರ 'ಸ'ವನ್ನು, ಅಲ್ಲಿಗೆ ಒಯ್ದು ಇಡೀ ಹಾಡನ್ನು ಅಲ್ಲಿಂದ ನುಡಿಸಬೇಕು. ಗಿರಿಜಾದೇವಿ ಅಕ್ಷರಗಳನ್ನೂ ಹಾಗೆಯೇ ಓದಿದ್ದರು. ಎಫ್ ಕಂಡಲ್ಲಿ ಹಾಡನ್ನೆತ್ತಿ ಎಫ್‌ಗೆ ಸಾಗಿಸಿದರು. ಜಿ ಕಂಡಲ್ಲಿ ಅಲ್ಲಿಂದ ಮತ್ತೆ ಗಂಟುಮೂಟೆ. ಹಾರ್ಮೋನಿಯಂ ಚೆನ್ನಾಗಿ ಬಲ್ಲವರಿಗಷ್ಟೇ ಸಾಧ್ಯವಾಗುವ ತಪ್ಪು ಅದು.

"ಹಾಡಾವರಿಗೆ ದಣಿವಾಗಿ ಶ್ರುತಿ ಬದಲಿಸ್ಯಾರ ಅಂತ ತಿಳದೆ. ನಮ್ಮ ಭಾವನವರು ಹಂಗs ಮಾಡ್ತಾರ."

"ಶ್ರುತಿ ಅಲ್ಲ ಅಕ್ಕ. ಸಿ ಅಂದ್ರೆ ಸಿ, ಇ, ಜಿ, ಮೂರು ಸ್ವರ ಒಟ್ಟಿಗೆ. ಹಾಡು ಇದ್ದಲ್ಲೇ ಇರ್ತದೆ. ಎಡಗೈಯಲ್ಲಿ ಆ ಮೂವರು ಮನೆಯಲ್ಲಿ ಇರ್ಬೇಕು, ಅಷ್ಟೇ."

"ಯಾರು ಮ್ಯಾಲ, ಯಾರು ಕೆಳಗ?"

"ಅದು ಬರೆದಿಲ್ಲ. ನಿಮ್ಮ ಇಷ್ಟ. ಜಿ ಕೆಳಗೆ ಇದ್ರೂ ಸಿ, ಇ ಕೆಳಗೆ ಇದ್ರೂ ಸಿ."

"ಹಿರೇರು ಮ್ಯಾಲ, ಸೊಸಿ ಕೆಳಗ ಅಂತ ಏನೂ ಇಲ್ಲ?"

"ಇಲ್ಲ ಅಕ್ಕ."

ಗಿರಿಜಾದೇವಿ ಹಾಳೆಯ ಮೇಲಿನ ಆ ಅಕ್ಷರಕ್ಕೆ ಬೆರಳಿಟ್ಟರು. "ಭಾಳ ಚಲೋ ಮನಿ ಅದು," ಎಂದರು.

ಆಮೇಲೆ ಅವರು ಇಂಗ್ಲಿಷ್ ಹಾಡುಗಳನ್ನು ಬಿಟ್ಟರು. ತಮ್ಮ ತಾಯಿ ಜೋಳ ಬೀಸುತ್ತ ಹೇಳುತ್ತಿದ್ದ ಪದವೊಂದಕ್ಕೆ ಅಕ್ಷರ ಹುಡುಕುತ್ತ ಕೂತರು.

ಬೀಸಂದರ ಬೀಸಲಾರೆ, ಕಲ್ಲ, ನೀನs ತಿರುಗ,
ಕಾಳ ನಿಂದು ಹಿಟ್ಟ ನಂದು, ನಾ ಕುಂತು ನೋಡೇನ.

ಮೂರು ಅಕ್ಷರ ಸಾಕಾದವು. ಯಾವ ಮಾತಿನ ಮೇಲೆ ಯಾವ ಅಕ್ಷರ ಎಂಬುದಕ್ಕೆ ಚಳಿಗಾಲವೊಂದು ಹಿಡಿಯಿತು. ಶನಿವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ಪ್ರಭಾಳನ್ನೂ ಪಕ್ಕದಲ್ಲಿ ಕೂಡಿಸಿಕೊಂಡು ಕಲಿಸಿದರು. ಶಾಲೆಯಲ್ಲಿ ಕಸ್ಟರ್ಡ್ ಕಲಸಿ ಗಟ್ಟಿಯಾದ ಕೈಯಿಂದ ಮಗಳ ಮಣಿಕಟ್ಟು ಹಿಡಿದು, "ಒತ್ತು. ಹೆದರಿ ಮುಟ್ಟಬ್ಯಾಡ, ಒತ್ತು," ಎನ್ನುತ್ತಿದ್ದರು.

* * *

"ಗಿರಿಜಾ ನನ್ನ ದನಿಗೆ ನೆರಳಾಗಿದ್ದಳು," ಜಗದೇವಪ್ಪನವರು ಪೆಟ್ಟಿಗೆಯ ಪಕ್ಕ ನಿಂತು ಭಾಷಣ ಆರಂಭಿಸಿದ್ದರು. ಸಭೆಯಲ್ಲಿ ಅವರ ಕನ್ನಡ ಬೆಂಗಳೂರಿನ ಕಡೆ ವಾಲುತ್ತಿತ್ತು. "ನಾನು ಎಲ್ಲಿ ಹೋದರೆ ಅಲ್ಲಿ ಬರುತ್ತಿದ್ದಳು."

"ಆ ನೆರಳು ಒಂದಿನ ಎದ್ದು ಬಸ್ ಹತ್ತಿ ಹೋಯ್ತಲ್ಲ, ಅದನ್ನೂ ಹೇಳ್ತಾರಾ?" ಹಿಂದಿನ ಬೆಂಚಿನಲ್ಲಿದ್ದ ಶೋಭಾ ಲಿಯೋನ ಕಿವಿಯಲ್ಲಿ ಹೇಳಿದಳು. ಭಜನೆಯ ಮನೆಗಳಲ್ಲಿ ಗಿರಿಜಾದೇವಿಯ ಜೊತೆ ಉಪ್ಪಿಟ್ಟು ಕೆದಕಿದವಳು ಅವಳು.

"ಸುಮ್ಮನಿರಿ ಮಾರಾಯ್ರೇ, ನಗು ಬರ್ತದೆ."

"ಬರ್ಲಿ ಬಿಡಿ. ಅವ್ರಿಗೂ ಬರ್ತಿತ್ತು."

* * *

ಅದು ತೊಂಬತ್ತೇಳರ ಒಂದು ಭಾನುವಾರ, ಜಗದೇವಪ್ಪನವರ ಮನೆಯಲ್ಲಿ. ಅವರ ಹಾಡಿಕೆಯ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಹಾಡಿನ ಮಾತಿನಲ್ಲಿ ಹಿಡಿಸಿದ ಅಕ್ಷರದ ಮೇಲೆ ಮನಸ್ಸಿಗೆ ಬಂದಷ್ಟು ಹೊತ್ತು ನಿಲ್ಲುವರು. ಉಸಿರು ಸಾಲದಿದ್ದಲ್ಲಿ ಸಾಲನ್ನೇ ಅರ್ಧಕ್ಕೆ ಬಿಡುವರು. ಎಲ್ಲಿ ಬಿಟ್ಟರು, ಎಲ್ಲಿ ಎತ್ತಿದರು ಎಂದು ಬೆನ್ನ ಹಿಂದಿನಿಂದ ಹುಡುಕಿಕೊಂಡು ಓಡುವುದು ಹಾರ್ಮೋನಿಯಂನ ಕೆಲಸ. ಅಂದು ಅವರು ಒಂದು ಅಕ್ಷರ ಹಿಡಿದು ನಿಂತರು. ಗಿರಿಜಾದೇವಿ ಅದರ ಕೆಳಗೆ ಮೂರು ಸ್ವರ ಒಟ್ಟಿಗೆ ಒತ್ತಿದರು. ಭಾವನವರು ಆ ಅಕ್ಷರದಲ್ಲೇ ನಿಂತಿದ್ದರು. ಇವರು ಕಾಯದೆ ಮುಂದಿನ ಮೂರಕ್ಕೆ ಹೋದರು.

ಹಾಡು ನಿಂತಿತು.

"ಗಿರಿಜಾ, ನೀ ನನ್ನ ಹಿಂದ ಬರಬೇಕು. ನನಗ ದಾರಿ ತೋರಸಬ್ಯಾಡ."

ಕೂತವರೆಲ್ಲ ತಮ್ಮ ಚಹಾದ ಕಪ್ಪಿನೊಳಗೆ ನೋಡಿದರು. ಗಿರಿಜಾದೇವಿ ಹಾರ್ಮೋನಿಯಂನ ಗಾಳಿಯ ತಿದಿ ಮುಚ್ಚಿ ಕೊಂಡಿ ಹಾಕಿ, ಪೆಟ್ಟಿಗೆಯನ್ನು ಭಾವನವರ ಮೊಣಕಾಲಿಗೆ ತಾಗುವಂತೆ ಸರಿಸಿದರು.

"ಹಂಗಾರ ಇನ್ನ ಮ್ಯಾಲ ನೀವs ಗಾಳಿ ಹಾಕ್ಕೊಳ್ರಿ, ಭಾವಾರ."

ಕೋಟು ತೊಟ್ಟು, ಒಬ್ಬರೇ ಬಸ್ ಹತ್ತಿ ಹೊರಟರು. ನಾಗಲಿಂಗಪ್ಪ ಭಜನೆ ಮುಗಿಯುವ ತನಕ ಕೂತು, ಅಣ್ಣನ ಮನೆಯಲ್ಲೇ ಊಟ ಮಾಡಿ ಬಂದರು. ಮತ್ತೆ ಕರೆಸಿಕೊಳ್ಳಲು ಜಗದೇವಪ್ಪನವರು ತಮ್ಮನ ಬಾಯಲ್ಲಿ ಎಷ್ಟೋ ಸಲ ಹೇಳಿಸಿದರು. ಅಡುಗೆಮನೆಯಿಂದ ಬಂದ ಉತ್ತರ ಪ್ರತಿಸಲವೂ ಬೀಸುವ ಪದದ್ದೇ ಆಗಿತ್ತು, ರಾಗದ ಸಮೇತ.

* * *

ಭಾಷಣ ಮುಗಿಸಿ ಜಗದೇವಪ್ಪನವರು ಚೀಲದಿಂದ ವಿದ್ಯುತ್ ಶ್ರುತಿಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟು ಗುಂಡಿ ಒತ್ತಿದರು. ಅದು ಗುಂಯ್ ಎಂದಿತು. ಬಹಳ ವಿಧೇಯವಾದ ಯಂತ್ರ. ಅವರು ಕಣ್ಣು ಮುಚ್ಚಿ ಗಂಟಲು ಸರಿಮಾಡಿಕೊಂಡರು.

ಕಣ್ಣು ಮುಚ್ಚಿದ್ದರಿಂದ ಪ್ರಭಾ ಎದ್ದದ್ದು ಕಾಣಲಿಲ್ಲ. ಅವಳು ಮಫ್ಲರನ್ನೂ ಕೋಟನ್ನೂ ಲಿಯೋನ ತೊಡೆಯ ಮೇಲೆ ಹಾಕಿದಳು. ಬುಟ್ಟಿಯನ್ನು ಶೋಭಾ ತಾನಾಗಿ ಬಂದು ಇಸಿದುಕೊಂಡಳು. ವಿಭೂತಿಯ ತಟ್ಟೆಯನ್ನು ಪ್ರಭಾ ತಂದೆಯ ಕೈಗೇ ಕೊಟ್ಟಳು. ಮುಚ್ಚಳ ತೆರೆದ ಸದ್ದಿಗೆ ಜಗದೇವಪ್ಪನವರು ಕಣ್ಣು ಬಿಟ್ಟರು.

"ಪ್ರಭಾ!"

"ನೀವು ಹಾಡ್ರಿ ದೊಡ್ಡಪ್ಪ. ನಾ ನಿಮ್ಮ ಹಿಂದ ಬರೂದಿಲ್ಲ. ಅಷ್ಟs."

ಮೂರು ಸ್ವರ ಒಟ್ಟಿಗೆ ಒತ್ತಿದಳು. ಪಿಯಾನೊ ಒಂದು ಕಡೆ, ಶ್ರುತಿಪೆಟ್ಟಿಗೆ ಇನ್ನೊಂದು ಕಡೆ. ಕೋಣೆಯಲ್ಲಿದ್ದವರ ಹಲ್ಲು ಜುಮ್ಮೆಂದಿತು. ಜಗದೇವಪ್ಪನವರು ಭಜನೆಯ ಮೊದಲ ಸಾಲನ್ನು ಇನ್ನೂ ಏರುದನಿಯಲ್ಲಿ ಎತ್ತಿದರು. ಪ್ರಭಾ ಮತ್ತೆ ಒತ್ತಿದಳು.

ನಾಗಲಿಂಗಪ್ಪ ಕೈಯಲ್ಲಿದ್ದ ತಟ್ಟೆಯನ್ನು ನೋಡಿದರು. ಹೆಂಡತಿಯ ಹಣೆಗೆ ಇನ್ನೊಂದಿಷ್ಟು ವಿಭೂತಿ ಹಚ್ಚಿ, ತಟ್ಟೆ ಕೆಳಗಿಟ್ಟು, ಮೇಜಿನ ತನಕ ನಡೆದು ಹೋಗಿ ಶ್ರುತಿಪೆಟ್ಟಿಗೆಯ ಗುಂಡಿ ಆರಿಸಿದರು.

"ಏ ನಾಗಲಿಂಗ, ಯಾಕೋ?"

"ಶ್ರುತಿ ಕೂಡವಲ್ದು, ಅಣ್ಣಾ."

ಅವರು ಹೋಗಿ ಮಗಳ ಪಕ್ಕದಲ್ಲಿ ನಿಂತರು.

ಪ್ರಭಾ ಮೊದಲಿನಿಂದ ಶುರುಮಾಡಿದಳು. ಬೀಸಂದರ ಬೀಸಲಾರೆ ಎಂದು ಶೋಭಾ ಬುಟ್ಟಿ ಸಮೇತ ಎದ್ದು ನಿಂತು ಹಾಡಿದಳು. ಹಿಂದಿನ ಬೆಂಚಿನ ಹೆಂಗಸರು ಒಬ್ಬೊಬ್ಬರಾಗಿ ಸೇರಿದರು. ಜಗದೇವಪ್ಪನವರು ತುಟಿ ಬಿಗಿದು ನಿಂತರು. ಆದರೆ ಹಾಡು ನಡೆಯುವಲ್ಲಿ ಬಾಯಿ ಮುಚ್ಚಿ ನಿಂತು ಅವರಿಗೆ ರೂಢಿಯಿರಲಿಲ್ಲ. ಅವರ ತಾಯಿಯೂ ಅದೇ ಪದ ಹೇಳಿ ಬೀಸಿದವಳು. ಎರಡನೆಯ ಸಾಲಿಗೆ ದನಿಗೂಡಿಸಿ, ಮೊದಲ ಅಕ್ಷರವನ್ನು ಹಿಡಿದು, ಎಲ್ಲರ ಮೇಲೆ ತೇಲಿಸಿ, ನಿಂತರು. ಪ್ರಭಾಳ ಕೈ ಮುಂದಿನ ಅಕ್ಷರಕ್ಕೆ ಹೋಯಿತು. ಹೆಂಗಸರೂ ಹೋದರು. ನಡುವೆ ಒಬ್ಬರೇ ಉಳಿದ ಜಗದೇವಪ್ಪನವರು ಎರಡು ಮಾತು ನುಂಗಿಕೊಂಡು ಓಡಿಬಂದು ಸಾಲಿನ ಕೊನೆಯನ್ನು ಹಿಡಿದರು.

ಪದ ಮತ್ತೆ ಮೊದಲಿಗೆ ಬಂತು. ಅವರು ಎದೆ ತುಂಬ ಉಸಿರೆಳೆದುಕೊಂಡರು, ಬಾಯಿ ತೆರೆದರು, ದನಿ ಬಿಡಲಿಲ್ಲ. ಬಾಯಿ ತೆರೆದುಕೊಂಡೇ ಒಂದು ಹೆಜ್ಜೆ ಮುಂದೆ ಬಾಗಿ, ಪ್ರಭಾಳ ಬೆರಳುಗಳು ಯಾವಾಗ ಕೆಳಗಿಳಿಯುತ್ತವೆ ಎಂದು ನೋಡುತ್ತ ಕಾದರು.