ಮ್ಯಾಲಕಿಯ ಒಂದೇ ಸಿನಿಮಾ

ಸಿನಿಮಾ ಬಿಡಲು ಗೋಡೆ ಖಾಲಿ ಮಾಡಲೆಂದು ಸಂತರ ಪಟವನ್ನು ಫರ್ಗಲ್ ಇಳಿಸುತ್ತಿದ್ದಾಗಲೇ ಡಿಂಪ್ನಾ ಹೋಗಿ ಅವನ ತೋಳು ಹಿಡಿದಳು.

"ಬೇಡ ಅಂದ್ನಲ್ಲ. ಮಣ್ಣು ಮಾಡಿ ಈಗಷ್ಟೇ ಬಂದಿದ್ದೀವಿ. ಇವತ್ತೇ ಸಿನಿಮಾ ಆಗ್ಬೇಕಾ ನಿಂಗೆ?"

ಚರ್ಚಿನ ಪಕ್ಕದ ಹಾಲ್‌ನಲ್ಲಿ ಊರವರೆಲ್ಲ ಚಹಾ ಕುಡಿಯುತ್ತಿದ್ದರು. ತೀರಿಕೊಂಡಿದ್ದವನು ಡಿಂಪ್ನಾಳ ಗಂಡ ಮ್ಯಾಲಕಿ ಟಿಯರ್ನಿ. ಮದುವೆಗೆ ಮೊದಲು ಅವನು ಒಂದೇ ಒಂದು ಸಿನಿಮಾ ನಿರ್ದೇಶಿಸಿದ್ದ. ಅದಕ್ಕೆ ಕ್ಯಾಮೆರಾ ಹಿಡಿದವನು ಫರ್ಗಲ್. ಗುಡ್ಡದೊಳಗಿನ ಕಿನ್ನರರು ಊರಿನ ಹುಡುಗಿಯೊಬ್ಬಳನ್ನು ಮದುವೆಗೆಂದು ಎತ್ತಿಕೊಂಡು ಹೋಗುವ ಕಥೆ. ಮಾತಿಗಿಂತ ಹಾಡೇ ಹೆಚ್ಚು. ಮೊಲವೊಂದು ಬಿಷಪ್ ಆಗಿ ಮದುವೆ ಮಾಡಿಸುತ್ತದಂತೆ. ಡಿಂಪ್ನಾ ನೋಡಿರಲಿಲ್ಲ.

"ಅವ್ನೇ ಹೇಳಿದ್ದು," ಎಂದ ಫರ್ಗಲ್. "ಆಸ್ಪತ್ರೇಲಿ. ನನ್ನ ಮಣ್ಣಾದ ದಿನ ಹಾಕು ಅಂತ."

"ನನ್ನ ಹತ್ರ ಸುಟ್ಟುಹಾಕು ಅಂದಿದ್ದ."

ಚಹಾ ಬಗ್ಗಿಸಲು ಬಂದ ಗ್ರಾನ್ಯ, ಅದೇ ಊರಿನ ಹೆಣ್ಣುಮಗಳು, ನಡುವೆ ಬಾಯಿ ಹಾಕಿದಳು. "ಹಾಕ್ಲಿ ಬಿಡಿ, ಮಿಸೆಸ್ ಟಿಯರ್ನಿ. ಮೊಲದ ಹಾಡು ನಮಗೆಲ್ಲ ಬಾಯಿಪಾಠ."

"ನಿಮಗೆ ಹೇಗೆ?"

"ಸ್ಕೂಲ್ ಬಸ್ಸಲ್ಲಿ ನಿಮ್ಮ ಯಜಮಾನರೇ ಹೇಳಿಕೊಟ್ಟಿದ್ದು! ಸ್ಟೀರಿಂಗ್ ಮೇಲೆ ತಾಳ ಹಾಕ್ಕೊಂಡು ಗಂಟಲು ಹರಿಯೋ ಹಾಗೆ ಹಾಡೋರು. ಈ ಡ್ರೈವರ್‌ಗೆ ತಲೆ ಕೆಟ್ಟಿದೆ ಅಂತ ನಮ್ಮಮ್ಮ ಬಯ್ಯೋಳು."

"ನಮ್ಮ ಮ್ಯಾಲಕಿನಾ?" ಮನೆಯಲ್ಲಿ ಅವನು ಶಿಳ್ಳೆ ಕೂಡ ಹಾಕಿದವನಲ್ಲ.

*

ಮದುವೆಯಾದ ಹೊಸದರಲ್ಲಿ ಅವಳು ಒಮ್ಮೆ ಆ ಸಿನಿಮಾ ತೋರಿಸು ಎಂದು ಕೇಳಿದ್ದಳು. ಡಬ್ಲಿನ್‌ನಲ್ಲಿ ಅದನ್ನು ತೋರಿಸಿದಾಗ ಅಳಬೇಕಾದ ಕಡೆ ಜನ ನಕ್ಕರು, ನಗಬೇಕಾದ ಕಡೆ ಕೆಮ್ಮಿದರು ಎಂದು ಊರವರು ಆಡಿಕೊಳ್ಳುತ್ತಿದ್ದರು. ಆಮೇಲೆಯೇ ಅವನು ಊರಿಗೆ ಮರಳಿ ಬಸ್ಸಿನ ಕೆಲಸ ಹಿಡಿದದ್ದು.

"ನಂಗೊಬ್ಳಿಗೆ ತೋರಿಸೋ. ನಾನು ನಗಲ್ಲ."

ಮ್ಯಾಲಕಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. "ನಕ್ರೆ ಹೇಗೋ ತಡ್ಕೋತೀನಿ," ಎಂದ. "ನಗದೇ ಇದ್ರೆ?"

ಅವನಿಗೆ ಬೇಕಾದದ್ದು ಯಾವುದು ಎಂದು ಅವಳಿಗೆ ತಿಳಿಯಲಿಲ್ಲ. ಮತ್ತೆ ಕೇಳಲೂ ಇಲ್ಲ.

*

"ಹಾಕು," ಎಂದಳು ಡಿಂಪ್ನಾ.

ಕಿಟಕಿಯ ಪರದೆ ಎಳೆದು ಪ್ರೊಜೆಕ್ಟರ್ ಹಚ್ಚಿದರು. ತೇವ ಹಿಡಿದ ಗೋಡೆಯ ಮೇಲೆ ಗುಡ್ಡ ಬಾಯಿ ತೆರೆಯಿತು. ಉಣ್ಣೆಯ ಗಡ್ಡ ಅಂಟಿಸಿಕೊಂಡ ಕಿನ್ನರರು ಒಬ್ಬರನ್ನೊಬ್ಬರು ಎಡವುತ್ತ ಹೊರಬಂದರು. ಯಾರೋ "ಅಯ್ಯೋ, ಅದು ನಮ್ಮಪ್ಪ!" ಎಂದು ಕೂಗಿದರು. ಮೊಲ ಬಂದಾಗ ಬಸ್ಸಿನಲ್ಲಿ ಬೆಳೆದವರೆಲ್ಲ ಒಟ್ಟಿಗೆ ಹಾಡಿದರು. ಪಾದ್ರಿ ನಗು ತಡೆಯಲಾರದೆ ತುಟಿ ಕಚ್ಚಿಕೊಂಡರು. ಚಿತ್ರ ಚೆನ್ನಾಗಿದೆಯೋ ಕೆಟ್ಟದಾಗಿದೆಯೋ ಡಿಂಪ್ನಾಗೆ ಗೊತ್ತಾಗಲಿಲ್ಲ. ಎಲ್ಲರೂ ನಕ್ಕಾಗ ಅವಳ ಕಣ್ಣು ತುಂಬಿತು, ಹುಡುಗಿ ಅತ್ತಾಗ ನಗು ಬಂತು.

ಮದುವೆಯ ಕುಣಿತದಲ್ಲಿ ಎಲೆಯ ಕಿರೀಟದವನೊಬ್ಬ ಊಟದ ಮೇಜನ್ನು ಹಾರಿ ದಾಟಿದ. ಹಾರುವಾಗ ಗಡ್ಡ ಕಳಚಿ ಬಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಯಾರದು?" ಅವಳಿಗೆ ಉತ್ತರ ಗೊತ್ತಿತ್ತು.

"ಕುಣೀಬೇಕಾದವ್ನು ಕುಡಿದು ಮಲಗಿದ್ದ," ಎಂದ ಫರ್ಗಲ್. "ಮ್ಯಾಲಕೀನೇ ನುಗ್ಗಿದ. ಸಾಕು ಅಂದ್ರೂ ನಿಲ್ಲಿಸ್ಲಿಲ್ಲ."

ಡಿಂಪ್ನಾ ಎದ್ದು ಗೋಡೆಯ ಹತ್ತಿರ ಹೋದಳು, ತೀರಾ ಹತ್ತಿರ. ಅವಳ ನೆರಳು ಅರ್ಧ ಗುಡ್ಡವನ್ನು ನುಂಗಿತು. ಹಿಂದಿನವರಿಗೆ ಏನೂ ಕಾಣದಾಯಿತು. ಆದರೂ ಕೂತುಕೋ ಎಂದು ಯಾರೂ ಹೇಳಲಿಲ್ಲ. ಅವಳ ಕಪ್ಪು ಕೋಟಿನ ಬೆನ್ನ ಮೇಲೆ ಕಿನ್ನರರು ಕುಣಿಯುತ್ತಲೇ ಇದ್ದರು.